ಭಂಗಿಸೊಪ್ಪಿನ ಹೆಸರೂ ಒಳಗಿನ ಹುರುಳೂ

ಕಲ್ಕತ್ತೆಯಲ್ಲಿ 1839ರ ಸುಮಾರಿಗೆ ಒಂದು ಹಸುಗೂಸಿಗೆ ಸೆಳವು ಹಿಡಿಯಿತು. ಹುಟ್ಟಿ ಎರಡು ತಿಂಗಳೂ ತುಂಬಿರದ ಹೆಣ್ಣುಮಗು. ಆ ಕಾಲದ ವೈದ್ಯರಿಗೆ ಗೊತ್ತಿದ್ದ ಚಿಕಿತ್ಸೆಗಳೆಲ್ಲ ಸೋತವು. ಮಗು ಉಳಿಯುವ ಆಸೆ ಕೈಬಿಟ್ಟ ತಂದೆತಾಯಿಗಳಿಗೆ ಅಲ್ಲಿನ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕನೊಬ್ಬ ತಾನು ಪರೀಕ್ಷಿಸುತ್ತಿದ್ದ ಹೊಸ ಔಷಧವೊಂದನ್ನು ಕೊಟ್ಟು ನೋಡಬಹುದೆಂದ. ಅವರು ಒಪ್ಪಿದರು. ಮದ್ಯಸಾರದಲ್ಲಿ ಕರಗಿಸಿದ ಆ ಔಷಧವನ್ನು ಹನಿಹನಿಯಾಗಿ, ಪ್ರಮಾಣ ಏರಿಸುತ್ತ ಕೊಡಲಾಯಿತು. ಸೆಳವು ನಿಂತಿತು, ಮಗು ಚೇತರಿಸಿಕೊಂಡಿತು.

ಔಷಧ ಬೇರೇನೂ ಅಲ್ಲ, ಗಾಂಜಾದ ಅಂಟಿನಿಂದ ತೆಗೆದ ಅರ್ಕ. ಪ್ರಾಧ್ಯಾಪಕನ ಹೆಸರು ವಿಲಿಯಂ ಬ್ರೂಕ್ ಓಶಾನೆಸಿ. ಐರ್ಲೆಂಡಿನವನು, ಎಡಿನ್‌ಬರೋದಲ್ಲಿ ಓದಿದವನು, ಆಗಿನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಗಾಂಜಾ, ಭಂಗಿ ಎಂಬ ಮಾತು ಕಿವಿಗೆ ಬಿದ್ದರೆ ನಮಗೆ ನೆನಪಾಗುವುದು ಚಿಲುಮೆ ಸೇದುವ ಬೈರಾಗಿ, ಇಲ್ಲವೇ ಪೊಲೀಸರ ದಾಳಿಯ ಸುದ್ದಿ. ಆದರೆ ಈ ಗಿಡ ಪಶ್ಚಿಮದ ವೈದ್ಯಶಾಸ್ತ್ರದೊಳಗೆ ಕಾಲಿಟ್ಟಿದ್ದು ಕಲ್ಕತ್ತೆಯ ಈ ಪ್ರಯೋಗಗಳ ಮೂಲಕ. ಒಂದು ಶತಮಾನ ಕಳೆಯುವಷ್ಟರಲ್ಲಿ ಅದು ಅಲ್ಲಿಂದ ಹೊರಬಿತ್ತು. ಈಗ ಮತ್ತೆ ಮೆಲ್ಲನೆ ಒಳಬರುತ್ತಿದೆ. ಈ ಹೋಗುಬರುವಿಕೆಗೆ ಕಾನೂನೇ ಕಾರಣವೆಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಈ ಗಿಡದ ಒಳಗೆ ಏನಿದೆ, ಎಷ್ಟಿದೆ ಎಂಬುದು ತಿಳಿಯದೆ, ಬರೀ ಹೆಸರು ಹಿಡಿದು ವ್ಯವಹರಿಸಿದ್ದರ ಕಥೆಯೂ ಇದರಲ್ಲಿದೆ.

ಹೆಸರಿನ ಗೊಂದಲದಿಂದಲೇ ಆರಂಭಿಸಬಹುದು. ಗಾಂಜಾ ಮಾರಾಟಕ್ಕೆ ಅನುಮತಿ ಇರುವ ದೇಶಗಳ ಅಂಗಡಿಗಳಲ್ಲಿ ಇಂದು ಎರಡು ಹಣೆಪಟ್ಟಿಗಳು ಕಾಣುತ್ತವೆ: ‘ಸಟೈವಾ’ ಮತ್ತು ‘ಇಂಡಿಕಾ’. ಸಟೈವಾ ತಳಿ ಹುರುಪು ತರುತ್ತದೆ, ಹಗಲಿಗೆ ತಕ್ಕದ್ದು. ಇಂಡಿಕಾ ಮೈ ಜಡವಾಗಿಸಿ ನಿದ್ದೆ ತರುತ್ತದೆ, ರಾತ್ರಿಗೆ ತಕ್ಕದ್ದು ಎಂದು ಅಂಗಡಿಯವರು ಹೇಳುತ್ತಾರೆ. ಸಟೈವಾ ಎಂಬ ಹೆಸರನ್ನು ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಶಾಸ್ತ್ರಕ್ಕೆ ಸೇರಿಸಿದ. ಆ ಲ್ಯಾಟಿನ್ ಪದಕ್ಕೆ ‘ಬಿತ್ತಿ ಬೆಳೆದದ್ದು’ ಎಂದಷ್ಟೇ ಅರ್ಥ. ಭತ್ತದ ಶಾಸ್ತ್ರೀಯ ಹೆಸರಲ್ಲೂ ಇದೇ ಪದವಿದೆ. ಅವನ ಕಣ್ಣ ಮುಂದಿದ್ದದ್ದು ಯುರೋಪಿನ ರೈತರು ನಾರಿಗಾಗಿ, ಬೀಜಕ್ಕಾಗಿ ಬೆಳೆಯುತ್ತಿದ್ದ, ಅಮಲು ಬಹುತೇಕ ಇಲ್ಲದ ಗಿಡ. ಮೂರು ದಶಕಗಳ ನಂತರ ಫ್ರಾನ್ಸಿನ ಲಾಮಾರ್ಕ್ ಭಾರತದಿಂದ ಬಂದ ಮಾದರಿಗಳನ್ನು ನೋಡಿ, ಇದು ನಾರಿನ ಗಿಡಕ್ಕಿಂತ ಬೇರೆ, ಇದರ ಗುಣ ತಲೆಗೇರುವಂಥದು ಎಂದು ‘ಇಂಡಿಕಾ’ ಎಂಬ ಬೇರೆ ಹೆಸರು ಕೊಟ್ಟ.

ತಮಾಷೆ ಇರುವುದು ಮುಂದೆ. ಲಾಮಾರ್ಕ್ ವರ್ಣಿಸಿದ ಭಾರತದ ಗಿಡದ ಎಲೆಗಳು ಸಪೂರ. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞರು ಅಫ್ಘಾನಿಸ್ತಾನದ ಗಿಡ್ಡ, ಅಗಲ ಎಲೆಯ ಗಿಡಗಳಿಗೆ ‘ಇಂಡಿಕಾ’ ಎಂಬ ಹೆಸರನ್ನು ಹಚ್ಚಿದರು. ಭಾರತ, ಆಗ್ನೇಯ ಏಷ್ಯಾ, ಆಫ್ರಿಕಾಗಳ ಸಪೂರ ಎಲೆಯ ಎತ್ತರದ ಗಿಡ ‘ಸಟೈವಾ’ ಎನಿಸಿಕೊಂಡಿತು. ಎಂದರೆ ಲಾಮಾರ್ಕ್ ಯಾವುದನ್ನು ‘ಭಾರತದ್ದು’ ಎಂದು ಕರೆದನೋ ಅದೇ ಬಗೆಯ ಗಿಡ ಇಂದಿನ ಮಾರುಕಟ್ಟೆಯಲ್ಲಿ ಸಟೈವಾ! ಇಡುಕ್ಕಿಯ ಕಾಡಿನ ಗಾಂಜಾವನ್ನು ಇಂದು ಸಟೈವಾ ಎಂದು ಹೊಗಳುವವರಿಗೆ ಈ ಅದಲುಬದಲು ಗೊತ್ತಿರುವಂತಿಲ್ಲ.

ಈ ಹಣೆಪಟ್ಟಿಗಳಿಗೆ ಏನಾದರೂ ಆಧಾರವಿದೆಯೇ? ಕೆನಡಾ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು ನೂರಾರು ಮಾದರಿಗಳ ವಂಶವಾಹಿಗಳನ್ನೂ ರಾಸಾಯನಿಕಗಳನ್ನೂ ತಾಳೆ ನೋಡಿ 2021ರಲ್ಲಿ ವರದಿ ಪ್ರಕಟಿಸಿದರು. ಸಟೈವಾ ಎಂದು ಬರೆದ ಎರಡು ಮಾದರಿಗಳು ಒಂದಕ್ಕೊಂದು ಹತ್ತಿರದ ನಂಟು ಉಳ್ಳವಾಗಿರಬೇಕೆಂದೇನೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಮುಖ್ಯವಾಗಿ ವಾಸನೆಗೆ ಕಾರಣವಾದ ಕೆಲವು ತೈಲಾಂಶಗಳಲ್ಲಿ. ಬೆಳೆಗಾರರು ಮೂಸಿ ನೋಡಿ ಹೆಸರಿಡುತ್ತ ಬಂದಿದ್ದಾರೆ ಎನ್ನಬೇಕು.

ಗಿಡದ ಮೂಲ ಎಲ್ಲಿ ಎಂಬುದಕ್ಕೂ ಅದೇ 2021ರಲ್ಲಿ ಒಂದು ಉತ್ತರ ಸಿಕ್ಕಿತು. ಲೋಕದ ಬೇರೆಬೇರೆ ಕಡೆಯ 110 ಮಾದರಿಗಳ ವಂಶವಾಹಿಗಳ ಅಧ್ಯಯನದ ಪ್ರಕಾರ ಮನುಷ್ಯ ಇದನ್ನು ಒಗ್ಗಿಸಿಕೊಂಡದ್ದು ಪೂರ್ವ ಏಷ್ಯಾದಲ್ಲಿ, ಸುಮಾರು 12,000 ವರ್ಷಗಳ ಹಿಂದೆ. ನಾರಿನ ತಳಿ, ಅಮಲಿನ ತಳಿ ಎಂದು ಕವಲೊಡೆದದ್ದು ಅದಾದ ಎಷ್ಟೋ ಕಾಲದ ಮೇಲೆ. ಅಮಲಿಗಾಗಿ ಸುಟ್ಟದ್ದಕ್ಕೆ ಗಟ್ಟಿಯಾದ ಹಳೆಯ ಸಾಕ್ಷ್ಯ ಪಾಮೀರ್ ಪರ್ವತದ ಒಂದು ಸ್ಮಶಾನದಲ್ಲಿ ಸಿಕ್ಕಿದೆ. ಸುಮಾರು 2,500 ವರ್ಷ ಹಳೆಯ ಗೋರಿಗಳಲ್ಲಿದ್ದ ಮರದ ಅಗ್ಗಿಷ್ಟಿಕೆಗಳಿಗೆ ಈ ಗಿಡದ ಅಮಲಿನ ಅಂಶ ಮೆತ್ತಿಕೊಂಡಿತ್ತು. (ನಮ್ಮ ಸೆಣಬಿಗೂ ಈ ನಾರಿನ ಗಿಡಕ್ಕೂ ನಂಟಿಲ್ಲ. ನಾರು ಕೊಡುವ ಗಿಡಗಳನ್ನೆಲ್ಲ ಇಂಗ್ಲಿಷರು ‘ಹೆಂಪ್’ ಎಂದು ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದ ಅನುವಾದಕರು ಇಂದಿಗೂ ಎಡವುತ್ತಾರೆ.)

ಭಾರತದಲ್ಲಿ ಅಥರ್ವವೇದ ‘ಭಂಗ’ವನ್ನು ಹೆಸರಿಸುತ್ತದೆ, ಅದು ಇದೇ ಗಿಡವೇ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಔಷಧವಾಗಿ ಇದರ ಬಳಕೆ ಖಚಿತವಾಗಿ ಕಾಣುವುದು ಸುಮಾರು ಹನ್ನೊಂದನೆಯ ಶತಮಾನದಿಂದೀಚಿನ ಗ್ರಂಥಗಳಲ್ಲಿ ಎಂದು ಆಯುರ್ವೇದದ ಇತಿಹಾಸಕಾರರು ಹೇಳುತ್ತಾರೆ. ಶಾರ್ಙ್ಗಧರ ಸಂಹಿತೆ ಭಂಗವನ್ನೂ ಅಫೀಮನ್ನೂ ‘ವ್ಯವಾಯಿ’ ಎಂಬ ವರ್ಗಕ್ಕೆ ಸೇರಿಸುತ್ತದೆ. ಜೀರ್ಣವಾಗುವ ಮೊದಲೇ ಮೈತುಂಬ ಹರಡಿಬಿಡುವ ದ್ರವ್ಯ ಎಂದು ಅದರರ್ಥ. ‘ವಿಜಯಾ’ ಎಂಬುದು ವೈದ್ಯರು ಇದಕ್ಕೆ ಕೊಟ್ಟ ಗೌರವದ ಹೆಸರು.

ಎಲೆ ಭಂಗಿ, ಹೆಣ್ಣು ಗಿಡದ ಹೂಗೊಂಚಲು ಗಾಂಜಾ, ಗಿಡದಿಂದ ಒಸರುವ ಅಂಟು ಚರಸ್. ಈ ಮೂರರ ಬಲ ಒಂದಕ್ಕಿಂತ ಒಂದು ಹೆಚ್ಚು ಎಂಬುದು ಬಳಸುವವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಇಷ್ಟೇ ಅಲ್ಲ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ನವಗಾಂವ್ ಕಡೆ ಗಾಂಜಾ ಬೆಳೆಯುತ್ತಿದ್ದ ರೈತರು ‘ಪೋದ್ದಾರ್’ ಎಂಬ ನುರಿತ ಆಳನ್ನು ಕರೆಸುತ್ತಿದ್ದರು. ಅವನು ಹೊಲದಲ್ಲಿ ಸಾಲುಸಾಲಾಗಿ ನಡೆದು, ಗಂಡು ಗಿಡಗಳನ್ನು ಹೂ ಬಿರಿಯುವ ಮೊದಲೇ ಗುರುತಿಸಿ ಕಿತ್ತುಹಾಕಬೇಕು. ಗಂಡಿನ ಪರಾಗ ತಾಕಿದರೆ ಹೆಣ್ಣು ಗಿಡ ಬೀಜ ಕಟ್ಟತೊಡಗುತ್ತದೆ. ತಾಕದಿದ್ದರೆ ಹೂಗೊಂಚಲು ದಟ್ಟವಾಗಿ ಬೆಳೆದು ಅಂಟು ಹೆಚ್ಚುತ್ತದೆ. ಕೊಯ್ದ ಗೊಂಚಲುಗಳನ್ನು ಕಾಲಿನಿಂದ ತುಳಿದು ಒತ್ತಿದರೆ ಚಪ್ಪಟೆ ಗಾಂಜಾ, ಉರುಟಾಗಿ ಹೊಸೆದರೆ ಗೋಲ್ ಗಾಂಜಾ. ಇಂದು ಅಮೆರಿಕದ ಬೆಳೆಗಾರರು ಸ್ಪಾನಿಷ್ ಹೆಸರಿಟ್ಟು ಬಣ್ಣಿಸುವ ಬೀಜರಹಿತ ಗಾಂಜಾದ ಗುಟ್ಟು ಬಂಗಾಳದ ಈ ಕೂಲಿಯಾಳಿಗೆ ತಿಳಿದೇ ಇತ್ತು. ಅವನ ವಿದ್ಯೆಯ ಬಗ್ಗೆ ಬರೆದಿಟ್ಟದ್ದು ಮಾತ್ರ ಸರಕಾರಿ ವರದಿಗಳೇ.

ಓಶಾನೆಸಿಯ ದೊಡ್ಡತನವೆಂದರೆ ಅವನು ಇಂಥ ತಿಳಿವಳಿಕೆಯನ್ನು ಕೇಳಿ ಪಡೆದದ್ದು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಬರುವ ಮೊದಲೇ ಅವನು ಇಂಗ್ಲೆಂಡಿನ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ, ನೀರು ಮತ್ತು ಲವಣಗಳ ಕೊರತೆಯೇ ಅವರನ್ನು ಕೊಲ್ಲುತ್ತಿದೆ ಎಂದು ತೋರಿಸಿದ್ದ. ಇಂದು ಆಸ್ಪತ್ರೆಗಳಲ್ಲಿ ಏರಿಸುವ ಗ್ಲೂಕೋಸ್, ಸಲೈನ್ ಬಾಟಲಿಗಳ ವಂಶವೃಕ್ಷದಲ್ಲಿ ಅವನ ಹೆಸರಿದೆ. (ಮುಂದೆ ಭಾರತದ ತಂತಿ ಇಲಾಖೆಯನ್ನು ಕಟ್ಟಿದವನೂ ಇವನೇ. ‘ಸರ್’ ಪದವಿ ಸಿಕ್ಕಿದ್ದು ಅದಕ್ಕೆ, ಗಾಂಜಾಕ್ಕಲ್ಲ.) ಕಲ್ಕತ್ತೆಯಲ್ಲಿ ಅವನು ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿದ. 1836ರಲ್ಲಿ ಶವವನ್ನು ಕೊಯ್ದು ಹೆಸರಾದ ಮಧುಸೂದನ ಗುಪ್ತರು ಅವರಲ್ಲೊಬ್ಬರು. ಸಕ್ಕರೆ, ಹಾಲು, ತುಪ್ಪ ಸೇರಿಸಿ ಮಾಡುವ ‘ಮಾಜೂನ್’ ಎಂಬ ಮಿಠಾಯಿಯ ವಿಧಾನವನ್ನು ಕೇಳಿ ಬರೆದುಕೊಂಡ. ತುಪ್ಪ ಯಾಕೆ ಬೇಕಿತ್ತೆಂಬುದು ಈಗ ತಿಳಿದಿದೆ: ಅಮಲಿನ ಅಂಶ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ.

ಪ್ರಯೋಗ ಮೊದಲು ಪ್ರಾಣಿಗಳ ಮೇಲೆ. ನಾಯಿ, ಬೆಕ್ಕು, ಮೀನು, ಹದ್ದುಗಳಂಥ ಮಾಂಸಾಹಾರಿಗಳಿಗೆ ಅಮಲು ಬೇಗ ಏರಿತು. ಹುಲ್ಲು ಮೇಯುವ ಪ್ರಾಣಿಗಳಿಗೆ ಹೆಚ್ಚೇನೂ ಆಗಲಿಲ್ಲ ಎಂದು ಬರೆದ. ಆಮೇಲೆ ವಿದ್ಯಾರ್ಥಿಗಳ ಸರದಿ. ಮಾತಿಲ್ಲದ ಸಾಧು ಸ್ವಭಾವದ ಹುಡುಗನೊಬ್ಬ ಕೆಲವೇ ಹನಿ ಕುಡಿದು ತನ್ನನ್ನು ರಾಜನೆಂದು ಭಾವಿಸಿ, ಸಹಪಾಠಿಗಳನ್ನು ಆಸ್ಥಾನಿಕರಂತೆ ನಡೆಸಿಕೊಂಡನಂತೆ. ಆಮೇಲೆ ರೋಗಿಗಳು. ಧನುರ್ವಾಯುವಿನಿಂದ ಬಿಲ್ಲಿನಂತೆ ಸೆಟೆದವರ ಸ್ನಾಯುಗಳು ಸಡಿಲಗೊಂಡವು, ಕೆಲವರು ಬದುಕಿದರು. ಹುಚ್ಚುನಾಯಿ ಕಡಿದ ಒಬ್ಬ ಹಕೀಮ ನೀರನ್ನು ಕಂಡರೇ ನಡುಗುತ್ತಿದ್ದ. ಗಾಂಜಾ ಕೊಟ್ಟ ಮೇಲೆ ಅವನು ಕಿತ್ತಳೆ ರಸ ಹೀರಬಲ್ಲವನಾದ, ಅನ್ನವನ್ನೂ ನುಂಗಿದ. ಅವನು ಉಳಿಯಲಿಲ್ಲ; ಆ ಕಾಯಿಲೆಯಲ್ಲಿ ಇಂದೂ ಯಾರೂ ಉಳಿಯುವುದು ಅಪರೂಪ. ಆದರೆ ಕೊನೆಯ ದಿನಗಳ ಯಾತನೆ ತಗ್ಗಿತು. ರೋಗ ವಾಸಿಯಾಗದಿದ್ದರೂ ನರಳಾಟ ತಗ್ಗಿಸುವುದು ವೈದ್ಯನ ಕೆಲಸವೇ ಎಂಬ ಮಾತನ್ನು ಓಶಾನೆಸಿ ಆ ವರದಿಯಲ್ಲಿ ಒತ್ತಿ ಹೇಳುತ್ತಾನೆ. ಈ ಒಂದು ಕಾರಣಕ್ಕೇ ಅದು ಇಂದಿಗೂ ಓದಿಸಿಕೊಳ್ಳುತ್ತದೆ.

ಅದೇ ವರದಿಯಲ್ಲಿ ಅವನನ್ನು ಕಾಡಿದ ಒಗಟೂ ಇದೆ. ಬೆಳೆದ ಹುಡುಗನನ್ನು ರಾಜನಾಗಿಸಲು ಕೆಲವೇ ಹನಿ ಸಾಕಾಗಿತ್ತು. ಸೆಳವಿನ ಕೂಸಿಗೆ ಒಂದು ಹಂತದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಹನಿ ಬೇಕಾಯಿತು.

1840ರ ದಶಕದ ಆರಂಭದಲ್ಲಿ ರಜೆಯ ಮೇಲೆ ಹೋದ ಅವನು ಗಾಂಜಾವನ್ನು ಲಂಡನ್ನಿಗೆ ಒಯ್ದ. ಪೀಟರ್ ಸ್ಕ್ವೈರ್ ಎಂಬ ಔಷಧ ವ್ಯಾಪಾರಿ ಅದರಿಂದ ಸಾರ ತೆಗೆದು ಮಾರಿದ. ಯುರೋಪು, ಅಮೆರಿಕಗಳ ವೈದ್ಯರು ನೋವಿಗೆ, ಅರೆತಲೆನೋವಿಗೆ, ನಿದ್ರಾಹೀನತೆಗೆ ಬರೆದುಕೊಡತೊಡಗಿದರು. ವಿಕ್ಟೋರಿಯಾ ರಾಣಿಯ ವೈದ್ಯ ರಸೆಲ್ ರೆನಾಲ್ಡ್ಸ್ 1890ರಲ್ಲಿ ತನ್ನ ಮೂವತ್ತು ವರ್ಷಗಳ ಅನುಭವವನ್ನು ಬರೆದು ಇದನ್ನು ಮೆಚ್ಚಿಕೊಂಡ. ರಾಣಿಯೂ ಮುಟ್ಟಿನ ನೋವಿಗೆ ಇದನ್ನು ಸೇವಿಸುತ್ತಿದ್ದಳೆಂಬ ಕಥೆ ಹುಟ್ಟಿದ್ದು ಇದರಿಂದ, ಅದಕ್ಕೆ ದಾಖಲೆಯಿಲ್ಲ. ರೆನಾಲ್ಡ್ಸ್ ಹೇಳಿದ ಇನ್ನೊಂದು ಮಾತನ್ನು ಜನ ಮರೆತರು: ಈ ಸಾರದ ಬಲ ಪ್ರತಿ ಬಾಟಲಿಗೂ ಬೇರೆ, ಆದ್ದರಿಂದ ತೀರ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು.

ಗಾಂಜಾ ಸೋತದ್ದು ಇಲ್ಲಿ. ಅಫೀಮಿನಿಂದ ಮಾರ್ಫಿನ್ ಎಂಬ ಶುದ್ಧ ಹರಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಕೈಗೆ ಬಂದಿತ್ತು. ಅದನ್ನು ತೂಗಬಹುದು, ಐವತ್ತರ ದಶಕದಲ್ಲಿ ಸೂಜಿ ಬಂದ ಮೇಲೆ ಚುಚ್ಚಬಹುದು. 1899ರಲ್ಲಿ ಆಸ್ಪಿರಿನ್ ಬಂತು. ಗಾಂಜಾದ ಸಾರ ಮಾತ್ರ ಜಿಗುಟು ಹಸಿರು ಗೋಂದಾಗಿಯೇ ಉಳಿಯಿತು. ಒಂದು ಬಾಟಲಿಯಿಂದ ಏನೂ ಆಗದು, ಇನ್ನೊಂದರಿಂದ ರೋಗಿ ದಿಕ್ಕೆಡುತ್ತಾನೆ. ಯಾವ ವೈದ್ಯ ತಾನೆ ನೆಚ್ಚಿಕೊಂಡಾನು? ಬ್ರಿಟನ್ನಿನ ಅಧಿಕೃತ ಔಷಧ ಪಟ್ಟಿಯಿಂದ 1932ರಲ್ಲಿ, ಅಮೆರಿಕದ ಪಟ್ಟಿಯಿಂದ 1942ರಲ್ಲಿ ಇದು ಹೊರಬಿದ್ದಾಗ ಕಣ್ಣೀರಿಟ್ಟವರು ಕಡಿಮೆ.

ಇತ್ತ ಭಾರತದಲ್ಲಿ ಗಾಂಜಾ ಹುಚ್ಚು ಹಿಡಿಸುತ್ತದೆಂಬ ಕೂಗೆದ್ದಿತ್ತು. ಬ್ರಿಟಿಷ್ ಸಂಸತ್ತಿನ ಪಾನನಿರೋಧವಾದಿ ಸದಸ್ಯ ಕೇನ್ ಎಂಬುವನ ಒತ್ತಾಯದ ಮೇರೆಗೆ 1893ರಲ್ಲಿ ಏಳು ಸದಸ್ಯರ ಆಯೋಗ ನೇಮಕವಾಯಿತು. ಅವರಲ್ಲಿ ಮೂವರು ಭಾರತೀಯರು. ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪುಟಗಳ ವರದಿ ಒಪ್ಪಿಸಿತು. ಅದರಲ್ಲಿ ಹುಚ್ಚಾಸ್ಪತ್ರೆಗಳ ಭಾಗ ಪತ್ತೇದಾರಿ ಕಥೆಯಂತಿದೆ. ರೋಗಿಯನ್ನು ಕರೆತಂದಾಗ ತುಂಬಬೇಕಾದ ನಮೂನೆಯಲ್ಲಿ ‘ಕಾರಣ’ ಎಂಬ ಕಲಮು ಇತ್ತು. ಬೀದಿಯಲ್ಲಿ ಸಿಕ್ಕ ಅನಾಥನ ಹುಚ್ಚಿಗೆ ಕಾರಣ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ‘ಗಾಂಜಾ’ ಎಂದು ಬರೆದರೆ ಕೆಲಸ ಮುಗಿಯಿತು. 1892ರಲ್ಲಿ ಹೀಗೆ ಗಾಂಜಾದ ಲೆಕ್ಕಕ್ಕೆ ಹೋಗಿದ್ದ 222 ಮಂದಿಯ ಪೂರ್ವಾಪರವನ್ನು ಆಯೋಗ ಅವರವರ ಊರುಗಳಲ್ಲಿ ವಿಚಾರಿಸಿತು. ಗಾಂಜಾ ಕಾರಣವಾಗಿರಬಹುದು ಎನ್ನಬಹುದಾದವರು 98 ಮಂದಿ ಉಳಿದರು. ಮಿತವಾದ ಸೇವನೆ ಹಾನಿಯಲ್ಲ, ಅತಿಯಾದದ್ದು ಹಾನಿ. ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಅಂಕೆ ಸಾಕು ಎಂಬುದು ಬಹುಮತದ ತೀರ್ಮಾನ.

ಅಷ್ಟು ಶ್ರಮದ ಆ ವರದಿಯನ್ನು ಮುಂದಿನ ಶತಮಾನದ ಒಪ್ಪಂದಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1961ರ ಅಂತರರಾಷ್ಟ್ರೀಯ ಒಡಂಬಡಿಕೆ ಗಾಂಜಾವನ್ನು ಹೆರಾಯಿನ್ ಇದ್ದ ಕಟ್ಟುನಿಟ್ಟಿನ ಪಟ್ಟಿಗೇ ಸೇರಿಸಿತು. ಭಾರತ 1985ರಲ್ಲಿ ಮಾದಕ ವಸ್ತುಗಳ ಕಾಯಿದೆ ತಂದಿತು. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಹೂಗೊಂಚಲು ಮತ್ತು ಅಂಟು ಸೇರುತ್ತವೆ, ಬರೀ ಎಲೆ ಸೇರುವುದಿಲ್ಲ. ಹೀಗಾಗಿ ಕೆಲವು ರಾಜ್ಯಗಳಲ್ಲಿ ಪರವಾನಗಿ ಇರುವ ಭಂಗಿನ ಅಂಗಡಿಗಳಿವೆ. ಎಲೆಯಿಂದ ಮಾಡಿದ ಔಷಧಗಳು ವಿಜಯಾ ಹೆಸರಿನಲ್ಲಿ ಆಯುರ್ವೇದದ ಪರವಾನಗಿಯಡಿ ಮಾರಾಟವಾಗುತ್ತವೆ. ಅದೇ ಗಿಡದ ಹೂ ಕೈಯಲ್ಲಿದ್ದರೆ ಜೈಲು. ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಬಂದ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುತ್ತಾರೆಂದು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಕಾನೂನಿನ ಕಣ್ಣಿಗೆ ಪ್ರಸಾದವೆಂಬ ಬೇರೆ ಭಾಗ ಗಿಡದಲ್ಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಆ ಕಟ್ಟುನಿಟ್ಟಿನ ಪಟ್ಟಿಯಿಂದ 27-25 ಮತಗಳಿಂದ ತೆಗೆದುಹಾಕಿತು. ಪರವಾಗಿ ಮತ ಹಾಕಿದ ದೇಶಗಳಲ್ಲಿ ಭಾರತವೂ ಒಂದು. ದೇಶದೊಳಗಿನ ಕಾಯಿದೆ ಅದರಿಂದ ಬದಲಾಗಲಿಲ್ಲ.

ಓಶಾನೆಸಿಯ ಒಗಟಿಗೆ ಉತ್ತರ ಸಿಗಲು 125 ವರ್ಷ ಬೇಕಾಯಿತು. ಇಸ್ರೇಲಿನ ರಸಾಯನಶಾಸ್ತ್ರಜ್ಞ ರಾಫೆಲ್ ಮೆಶೌಲಮ್ ಪೊಲೀಸರಿಂದ ಐದು ಕಿಲೋ ಲೆಬನಾನಿನ ಚರಸ್ ಬೇಡಿ ಪಡೆದು, ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲೇ ತಂದ. ಸಹಪ್ರಯಾಣಿಕರಿಗೆ ವಾಸನೆಯ ಮೂಲ ತಿಳಿಯಲಿಲ್ಲ! ಆ ಚರಸ್ಸಿನಿಂದ 1964ರಲ್ಲಿ ಅವನೂ ಗಾವೋನಿಯೂ ಅಮಲಿನ ಅಂಶವನ್ನು ಬೇರ್ಪಡಿಸಿ ಅದರ ರಚನೆ ಬಿಡಿಸಿಟ್ಟರು. ಅದೇ ಟಿಎಚ್‌ಸಿ. ಅಮಲು ತಾರದ ಸೋದರ ವಸ್ತು ಸಿಬಿಡಿಯ ರಚನೆ ಹಿಂದಿನ ವರ್ಷವೇ ಗೊತ್ತಾಗಿತ್ತು. ಮಿದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಗಳು 1988ರಲ್ಲಿ ಪತ್ತೆಯಾದವು. ನೆನಪು, ಸಮತೋಲ, ಹಸಿವುಗಳನ್ನು ನೋಡಿಕೊಳ್ಳುವ ಭಾಗಗಳಲ್ಲಿ ಅವು ದಟ್ಟವಾಗಿವೆ. ಸೇದಿದವನು ಹೇಳಹೊರಟದ್ದನ್ನು ಮರೆಯುವುದು, ತೂರಾಡುವುದು, ಸಿಕ್ಕಿದ್ದನ್ನು ತಿನ್ನುವುದು ಇದರಿಂದ. ಉಸಿರಾಟವನ್ನು ನಡೆಸುವ ಮಿದುಳ ಬುಡದಲ್ಲಿ ಅವು ವಿರಳ. ಅಫೀಮಿನಂತೆ ಇದು ಉಸಿರು ಕಟ್ಟಿಸಿ ಕೊಲ್ಲದಿರುವುದು ಹಾಗಾಗಿ. ನಮ್ಮ ದೇಹವೇ ಈ ಗ್ರಾಹಕಗಳಿಗೆಂದು ತಯಾರಿಸುವ ವಸ್ತು 1992ರಲ್ಲಿ ಸಿಕ್ಕಾಗ ಅದಕ್ಕೆ ‘ಆನಂದಮೈಡ್’ ಎಂದು ಸಂಸ್ಕೃತದ ‘ಆನಂದ’ ಸೇರಿಸಿ ಹೆಸರಿಟ್ಟರು.

ಅಮಲು ಎಷ್ಟು, ಯಾವ ಬಗೆಯದು ಎಂಬುದು ಸಟೈವಾ ಎಂಬ ಹೆಸರಿಗಿಂತ ಹೆಚ್ಚಾಗಿ ಟಿಎಚ್‌ಸಿ, ಸಿಬಿಡಿಗಳ ಪ್ರಮಾಣ, ಸೇವಿಸಿದ ಬಗೆ, ಸೇವಿಸಿದವನ ಮೈಗುಣಗಳ ಮೇಲೆ ನಿಂತಿದೆ. ಸೇದಿದರೆ ನಿಮಿಷಗಳಲ್ಲಿ ಏರುತ್ತದೆ. ತಿಂದರೆ ಒಂದೆರಡು ಗಂಟೆ ಬೇಕು, ಮತ್ತು ಯಕೃತ್ತು ಅದನ್ನು ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತದೆ. ಹೋಳಿಯಲ್ಲಿ ‘ಏನೂ ಆಗಲಿಲ್ಲ’ ಎಂದು ಎರಡನೆಯ ಲೋಟ ಭಂಗಿ ಕುಡಿದವರು ಕೆಡುವುದು ಹೀಗೆ. 1894ರ ವರದಿಯನ್ನು ಹಿಡಿದು ಇಂದಿನ ಗಾಂಜಾವನ್ನು ಸಮರ್ಥಿಸುವುದೂ ಸರಿಯಲ್ಲ. ದಶಕಗಳ ತಳಿ ಆಯ್ಕೆಯಿಂದ ಇಂದಿನ ಮಾಲಿನಲ್ಲಿ ಟಿಎಚ್‌ಸಿ ಬಹಳ ಏರಿದೆ. ಅಂಥ ಬಲವಾದ ಮಾಲನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಸಂಭವ ಸೇದದವರಿಗಿಂತ ಐದು ಪಟ್ಟಿನಷ್ಟು ಹೆಚ್ಚು ಕಂಡಿತೆಂದು ಯುರೋಪು ಮತ್ತು ಬ್ರೆಜಿಲ್‌ಗಳ ಊರುಗಳಲ್ಲಿ ನಡೆದ 2019ರ ಅಧ್ಯಯನ ಹೇಳಿದೆ. ಹರೆಯದವರಿಗೆ ಅಪಾಯ ಇನ್ನೂ ಹೆಚ್ಚು.

ಸೆಳವಿನ ಮಾತಿಗೆ ಮರಳೋಣ. ಬ್ರೆಜಿಲ್‌ನಲ್ಲಿ 1980ರಲ್ಲಿ ಮೂರ್ಛೆರೋಗದ ಎಂಟು ರೋಗಿಗಳಿಗೆ ಶುದ್ಧ ಸಿಬಿಡಿ ಕೊಟ್ಟು ನೋಡಲಾಯಿತು. ನಾಲ್ವರಿಗೆ ಸೆಳವು ಬಹುತೇಕ ನಿಂತಿತು. ಇದನ್ನು ಯಾರೂ ಮುಂದುವರಿಸಲಿಲ್ಲವೆಂದು ಆ ಪ್ರಯೋಗದಲ್ಲಿ ಪಾಲುಗೊಂಡಿದ್ದ ಮೆಶೌಲಮ್ 2023ರಲ್ಲಿ ತೀರಿಕೊಳ್ಳುವ ತನಕ ಕೊರಗುತ್ತಿದ್ದ. ದೊಡ್ಡ ಪರೀಕ್ಷೆಯ ಫಲ ಪ್ರಕಟವಾದದ್ದು 2017ರಲ್ಲಿ. ಡ್ರಾವೆಟ್ ಎಂಬ, ಕೂಸಿನ ಮೊದಲ ವರ್ಷದಲ್ಲೇ ಕಾಣಿಸುವ, ಬೇರೆ ಔಷಧಗಳಿಗೆ ಬಗ್ಗದ ಮೂರ್ಛೆರೋಗದ 120 ಮಕ್ಕಳು ಮತ್ತು ತರುಣರು ಅದರಲ್ಲಿದ್ದರು. ಸಿಬಿಡಿ ಪಡೆದವರಲ್ಲಿ ತಿಂಗಳಿಗೆ 12.4ರಷ್ಟಿದ್ದ ಸೆಳವು 5.9ಕ್ಕೆ ಇಳಿಯಿತು, ಹುಸಿಮದ್ದು ಪಡೆದವರಲ್ಲಿ 14.9 ಇದ್ದದ್ದು 14.1. ಪೂರ್ತಿ ನಿಂತದ್ದು ನೂರರಲ್ಲಿ ಐದು ಮಂದಿಗೆ ಮಾತ್ರ. ಪವಾಡವಲ್ಲ. ಆದರೆ ದಿನಗಳನ್ನು ಸೆಳವಿನ ಲೆಕ್ಕದಲ್ಲಿ ಎಣಿಸುವ ತಾಯಂದಿರಿಗೆ ಅದು ಸಣ್ಣದೇನಲ್ಲ. 2018ರಲ್ಲಿ ಅಮೆರಿಕ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಕೃತಕ ಟಿಎಚ್‌ಸಿ 1985ರಿಂದಲೇ ಬಳಕೆಯಲ್ಲಿದೆ. ನರರೋಗವೊಂದರ ನೋವಿಗೆ ಟಿಎಚ್‌ಸಿ ಮತ್ತು ಸಿಬಿಡಿ ಎರಡನ್ನೂ ಬೆರೆಸಿದ, ‘ಸಟೈವೆಕ್ಸ್’ ಹೆಸರಿನ ಬಾಯಿಗೆ ಸಿಂಪಡಿಸುವ ಔಷಧ 2005ರಲ್ಲಿ ಕೆನಡಾದಲ್ಲಿ ಮೊದಲು ಬಂತು. ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂಬಂಥ ಪ್ರಚಾರಕ್ಕೆ ಮಾತ್ರ ಇಂಥ ಪುರಾವೆಯಿಲ್ಲ.

ಈ ಔಷಧಗಳಿಗೆ ಬೇಕಾದ ಗಿಡಗಳನ್ನು ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಬೆಳೆಸುತ್ತಾರೆ. ಬೀಜದಿಂದ ಹುಟ್ಟಿದ ಗಿಡ ಒಂದರಂತೆ ಇನ್ನೊಂದಿರದು. ಆದ್ದರಿಂದ ಆಯ್ದ ತಾಯಿಗಿಡದಿಂದ ಕಡ್ಡಿ ಮುರಿದು ನೆಡುತ್ತಾರೆ. ಎಲ್ಲವೂ ಹೆಣ್ಣು, ಎಲ್ಲದರಲ್ಲೂ ಒಂದೇ ಪ್ರಮಾಣ. ‘ಬಿತ್ತಿದ್ದು’ ಎಂದು ಲಿನೇಯಸ್ ಹೆಸರಿಟ್ಟ ಗಿಡವನ್ನು ಅಲ್ಲಿ ಬಿತ್ತುವುದೇ ಇಲ್ಲ.